ತೊಳೆಯುವವರನ್ನು ಕೇಳಿ ವೈನ್ ಗ್ಲಾಸು ತನ್ನಿ

ನಮ್ಮೂರ ಬಸ್ ಸ್ಟ್ಯಾಂಡಿನಿಂದ ಸ್ಟೇಷನ್ ರಸ್ತೆಗೆ ಹೊರಳಿದರೆ ಸಾಲಾಗಿ ನಾಲ್ಕು ಬೋರ್ಡು ಕಾಣುತ್ತವೆ. ನಾಲ್ಕರ ಮೇಲೂ ದಪ್ಪ ಅಕ್ಷರದಲ್ಲಿ 'ವೈನ್ಸ್' ಎಂದು ಬರೆದಿದೆ. ಒಳಗೆ ಹೋಗಿ ವೈನ್ ಕೇಳಿ ನೋಡಿ. ಅಂಗಡಿಯಾತ ಒಮ್ಮೆ ನಿಮ್ಮ ಮುಖ ನೋಡಿ, ಸ್ಟೂಲು ಹತ್ತಿ, ಮೇಲಿನ ಹಲಗೆಯ ಮೂಲೆಯಿಂದ ದೂಳು ಹಿಡಿದ ಬಾಟಲಿಯೊಂದನ್ನು ಇಳಿಸುತ್ತಾನೆ. ವಿಸ್ಕಿ, ರಮ್ಮು, ಬ್ರಾಂದಿ ಮಾರುವ ಅಂಗಡಿಗೆ ವೈನ್ ಎಂಬ ಹೆಸರು ಅಂಟಿಕೊಂಡಿದೆ, ವೈನ್ ಮಾತ್ರ ಅಲ್ಲಿ ಅಪರೂಪದ ಮಾಲು. ನಮ್ಮ ಕಡೆ ವೈನಿ ಅಂದರೆ ಅಣ್ಣನ ಹೆಂಡತಿ. ವೈನ್ ಅಂದರೆ ಯಾವ ಬಾಟಲಿ ಬೇಕಾದರೂ ಆಗಬಹುದು.

ಇಂಥ ಊರಿನಲ್ಲಿ ನಮ್ಮ ಪರಿಚಯದ ಹೋಟೆಲ್ ಮಾಲಕರೊಬ್ಬರು ಬೈಪಾಸಿನ ಹತ್ತಿರ ಫ್ಯಾಮಿಲಿ ರೆಸ್ಟೋರೆಂಟು ತೆರೆಯಲು ಹೊರಟರು. ಕೆಳಗೆ ಊಟ, ಮೇಲೆ ಬಾರು, ನಲವತ್ತು ಕುರ್ಚಿ. ಲೈಸೆನ್ಸು ಬಂದಿತ್ತು, ಎ.ಸಿ. ಕೂತಿತ್ತು, ಉಳಿದದ್ದು ಗ್ಲಾಸು. ಹುಬ್ಬಳ್ಳಿಯ ಸಗಟು ವ್ಯಾಪಾರಿ ಕಳಿಸಿದ ಪಟ್ಟಿಯನ್ನು ಮೊಬೈಲಿನಲ್ಲಿ ತೋರಿಸುತ್ತ ಕೇಳಿದರು: "ನೀವು ಪೇಪರಿನವ್ರು, ಬೆಂಗ್ಳೂರ ನೋಡಿದವ್ರು. ಹೇಳ್ರಲ್ಲ, ಯಾವ ಗಲಾಸ ತರಸೂಣು?"

ಪಟ್ಟಿಯಲ್ಲಿ ಕೆಂಪು ವೈನಿಗೆ ಎರಡು ಬಗೆ, ಬಿಳಿ ವೈನಿಗೆ ಒಂದು, ರೋಸ್ ವೈನಿಗೆ ಒಂದು, ಗುಳ್ಳೆ ಏಳುವ ವೈನಿಗೆ ಉದ್ದನೆಯದೊಂದು, ಊಟದ ಕೊನೆಯ ಸಿಹಿ ವೈನಿಗೆ ಪುಟ್ಟದೊಂದು, ಒಟ್ಟು ಆರು. ಬೆಂಗಳೂರು ನೋಡಿದ್ದೇವೆ, ನಿಜ. ಡಿಪ್ಲೊಮಾ ಓದುವಾಗ ಅಲ್ಲಿ ನಾವು ಕುಡಿದದ್ದು ಬಿಯರು, ಅದೂ ಮೂವರಿಗೆ ಒಂದು ಬಾಟಲಿ. ಆದರೆ ಯಾರಾದರೂ ಏನಾದರೂ ಕೇಳಿದರೆ ಗೊತ್ತಿಲ್ಲ ಅನ್ನುವುದು ಜಿಲ್ಲಾ ವರದಿಗಾರರ ಜಾಯಮಾನವಲ್ಲ. ಹದಿನೈದು ದಿನ ಟೈಮು ಕೇಳಿ, ಓದಿದೆವು, ಬಾರಿನವರನ್ನು ವಿಚಾರಿಸಿದೆವು, ಅಡುಗೆಮನೆಗಳ ಹಿಂಬದಿ ನೋಡಿ ಬಂದೆವು.

ನಮಗೆ ಅನ್ನಿಸಿದ್ದನ್ನು ಮೊದಲೇ ಹೇಳಿಬಿಡುತ್ತೇವೆ. ಜಿಲ್ಲಾ ಕೇಂದ್ರದ, ತಾಲ್ಲೂಕು ಊರಿನ ಬಾರಿಗೆ ಆರು ಬಗೆಯ ಗ್ಲಾಸು ಬೇಡ, ಒಂದು ಸಾಕು. ಆ ಒಂದನ್ನು ಆರಿಸಲು ಮೂರು ಒಪ್ಪಿಗೆ ಬೇಕು: ಕುಡಿಯುವವರ ಮೂಗಿನದು, ಬಿಲ್ಲು ಕೊಡುವವರ ಕಣ್ಣಿನದು, ತೊಳೆಯುವವರ ಕೈಯದು. ಮೊದಲಿನ ಎರಡನ್ನು ಅಲ್ಲಲ್ಲಿ ಕೆಲವರು ಕೇಳುತ್ತಾರೆ. ಮೂರನೆಯದನ್ನು ಕೇಳಿದ ಒಬ್ಬ ಮಾಲಕರನ್ನೂ ನಾವು ಅಲ್ಲಿಯವರೆಗೆ ಕಂಡಿರಲಿಲ್ಲ.

ಹಳ್ಳಿ ಸುದ್ದಿ ಬರೆಯುವವರಿಗೆ ವೈನ್ ಗ್ಲಾಸಿನ ಉಸಾಬರಿ ಯಾಕೆ ಅನ್ನುವವರು ಇದ್ದಾರೆ. ಅವರ ಮಾತಿನಲ್ಲಿ ಹುರುಳಿದೆ. 2019ರ ಜನವರಿಯಲ್ಲಿ ಮದ್ಯ ನಿಷೇಧ ಬೇಕೆಂದು ಸಾವಿರಾರು ಹೆಂಗಸರು ಚಿತ್ರದುರ್ಗದಿಂದ ಬೆಂಗಳೂರಿಗೆ ನಡೆದೇ ಹೋದರು. ಕುಡಿತ ಮನೆಗಳನ್ನು ಏನು ಮಾಡುತ್ತದೆ ಅನ್ನುವುದನ್ನು ಅವರಿಗಿಂತ ಚೆನ್ನಾಗಿ ನಾವು ಹೇಳಲಾರೆವು. ಕುಡಿಯಿರಿ ಎಂದು ಹೇಳುವುದು ನಮ್ಮ ಕೆಲಸವಲ್ಲ. ಆದರೆ ಸರಕಾರವೇ ಲೈಸೆನ್ಸು ಕೊಟ್ಟು ಮಾರಿಸುವ ವಸ್ತು ಇದು. ಮಾರುವುದಾದರೆ ಅಳತೆ ಕಾಣುವಂತೆ ಮಾರಲಿ, ಅದರ ಪಾತ್ರೆ ತೊಳೆಯುವವರ ಕೈ ಕೊಯ್ಯದಂತೆ ಮಾರಲಿ. ಇಷ್ಟನ್ನು ಕೇಳಲು ಕುಡಿಯುವವರೇ ಆಗಬೇಕಿಲ್ಲ.

ಮೊದಲು ಮೂಗಿನ ವಿಷಯ. ಗ್ಲಾಸಿನ ಆಕಾರದಿಂದ ವೈನಿನ ರುಚಿಯಲ್ಲಿ ವ್ಯತ್ಯಾಸವಾಗುತ್ತದೆಯೇ? ಆಗುತ್ತದೆ, ಯಾಕೆಂದರೆ ನಾವು ರುಚಿ ಅನ್ನುವುದರಲ್ಲಿ ದೊಡ್ಡ ಪಾಲು ವಾಸನೆಯದು. 2015ರಲ್ಲಿ ಟೋಕಿಯೊದ ವೈದ್ಯಕೀಯ ಮತ್ತು ದಂತ ವೈದ್ಯಕೀಯ ವಿಶ್ವವಿದ್ಯಾಲಯದ ಸಂಶೋಧಕರು ಮದ್ಯಸಾರದ ಆವಿಯನ್ನು ಚಿತ್ರವಾಗಿ ತೋರಿಸುವ ಕ್ಯಾಮೆರಾ ಒಂದನ್ನು ಮಾಡಿ ಬೇರೆ ಬೇರೆ ಗ್ಲಾಸುಗಳ ಬಾಯಿಯನ್ನು ಪರೀಕ್ಷಿಸಿದರು. 13 ಡಿಗ್ರಿಯಲ್ಲಿದ್ದ ವೈನನ್ನು ವೈನ್ ಗ್ಲಾಸಿಗೆ ಹಾಕಿದಾಗ ಮದ್ಯಸಾರದ ಘಾಟು ಅಂಚಿನ ಸುತ್ತ ಬಳೆಯಂತೆ ನಿಂತಿತು, ನಡುವೆ ಘಾಟು ಕಡಿಮೆ ಇತ್ತು. ಮೂಗು ಇಳಿಯುವುದು ನಡುವಿಗೇ, ಅಲ್ಲಿ ಹಣ್ಣಿನ ಪರಿಮಳ ಸಿಗುತ್ತದೆ. ನೇರ ಗೋಡೆಯ ಗ್ಲಾಸಿನಲ್ಲಿ ಆ ಬಳೆ ಮೂಡಲಿಲ್ಲ. ಅಂದರೆ ಹೊಟ್ಟೆ ಅಗಲವಾಗಿ ಬಾಯಿ ಕಿರಿದಾಗುವ ಗ್ಲಾಸಿಗೆ ಕಾರಣವಿದೆ. ನೀರು ಕುಡಿಯುವ ಲೋಟದಲ್ಲಿ ವೈನ್ ಕೊಟ್ಟರೆ ಗಿರಾಕಿಗೆ ಮೊದಲು ಸಿಗುವುದು ಘಾಟು.

ಆದರೆ ಇದೇ ಕಾರಣಕ್ಕೆ ಆರು ಬಗೆ ಬೇಕೆಂದು ಸಗಟು ಅಂಗಡಿಯ ಹುಡುಗ ಫೋನಿನಲ್ಲಿ ವಾದಿಸಿದ. ನಾಲಿಗೆಯ ತುದಿಗೆ ಸಿಹಿ, ಪಕ್ಕಕ್ಕೆ ಹುಳಿ, ಹಿಂದಕ್ಕೆ ಕಹಿ, ಆದ್ದರಿಂದ ಒಂದೊಂದು ಗ್ಲಾಸು ವೈನನ್ನು ನಾಲಿಗೆಯ ಒಂದೊಂದು ಕಡೆ ಬೀಳಿಸುತ್ತದೆ ಎಂದು. ಆ ನಾಲಿಗೆ ನಕ್ಷೆಯನ್ನು ನಾವೂ ಶಾಲೆಯಲ್ಲಿ ಬಣ್ಣ ಹಚ್ಚಿ ಬರೆದಿದ್ದೇವೆ. ಅದು ತಪ್ಪು. 1901ರ ಜರ್ಮನ್ ಪ್ರಬಂಧವೊಂದರ ಅಂಕಿಗಳನ್ನು 1942ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಎಡ್ವಿನ್ ಬೋರಿಂಗ್ ತಮ್ಮ ಪುಸ್ತಕದಲ್ಲಿ ಕೊಟ್ಟ ರೀತಿಯಿಂದ ಹುಟ್ಟಿದ ತಪ್ಪು ತಿಳಿವಳಿಕೆ ಅದು. ನಾಲಿಗೆಯ ಎಲ್ಲ ಭಾಗಕ್ಕೂ ಎಲ್ಲ ರುಚಿಯೂ ಗೊತ್ತಾಗುತ್ತದೆ. ಆಸ್ಟ್ರಿಯಾದ ರೀಡೆಲ್ ಕಂಪನಿ ವೈನಿಗೊಂದು ಆಕಾರ ಎಂಬ ಸಾಲನ್ನು 1973ರಲ್ಲಿ ತಂದು ಹೆಸರು ಮಾಡಿತು. ಆ ಗ್ಲಾಸುಗಳು ಅಂದವಾಗಿವೆ, ಕೊಳ್ಳುವವರು ಕೊಳ್ಳಲಿ. ಆದರೆ ವೈನ್ ಪರೀಕ್ಷಿಸುವ ಪರಿಣತರಿಗಾಗಿ 1977ರಲ್ಲಿ ಬಂದ ಅಂತರರಾಷ್ಟ್ರೀಯ ಮಾನದಂಡ, ಐಎಸ್‌ಒ 3591, ಕೆಂಪು ಬಿಳಿ ಎಲ್ಲಕ್ಕೂ ಒಂದೇ ಗ್ಲಾಸು ಹೇಳುತ್ತದೆ. ಒಟ್ಟು ಹಿಡಿಯುವುದು ಸುಮಾರು 215 ಎಂ.ಎಲ್., ಹೊಟ್ಟೆ 65 ಮಿಲಿಮೀಟರು, ಬಾಯಿ 46. ಪರಿಣತರಿಗೆ ಒಂದು ಸಾಕಾದರೆ ನಮ್ಮ ಬೈಪಾಸಿಗೂ ಸಾಕು.

ಎರಡನೆಯದು ಕಣ್ಣು. ಪಟ್ಟಿಯಲ್ಲಿ ಮಾಲಕರಿಗೆ ಹಿಡಿಸಿದ್ದು 450 ಎಂ.ಎಲ್. ಹಿಡಿಯುವ ದೊಡ್ಡ ಕೆಂಪು ವೈನ್ ಗ್ಲಾಸು. ಸಿನಿಮಾದಲ್ಲಿ ಶ್ರೀಮಂತರ ಕೈಯಲ್ಲಿರುತ್ತದಲ್ಲ, ಅದು. ಗ್ಲಾಸು ಮೊದಲಿಂದ ಇಷ್ಟು ದೊಡ್ಡದಿರಲಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು ಇಂಗ್ಲೆಂಡಿನ ಮೂರು ಶತಮಾನದ ವೈನ್ ಗ್ಲಾಸುಗಳನ್ನು ಅಳೆದು 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. 1700ರ ಸುಮಾರಿಗೆ ಸರಾಸರಿ 66 ಎಂ.ಎಲ್. ಇದ್ದದ್ದು 2016-17ರ ಹೊತ್ತಿಗೆ 449 ಎಂ.ಎಲ್. ಆಗಿತ್ತು. ಹೆಚ್ಚುಕಡಿಮೆ ಏಳು ಪಟ್ಟು.

ನಮ್ಮ ಊರಿನ ಗಿರಾಕಿಗೆ ಅಳತೆ ಬಾಯಿಪಾಠ. ಸಿಕ್ಸ್ಟಿ, ನೈಂಟಿ, ಕ್ವಾರ್ಟರ್ ಎಂದೇ ಕೇಳುತ್ತಾನೆ. ಸಪ್ಲೈಯರ್ ಪೆಗ್ ಅಳತೆಯನ್ನು ಕಣ್ಣೆದುರು ತುಂಬಿ ಸುರಿಯದಿದ್ದರೆ ಜಗಳ ಶುರು. ವೈನಿಗೆ ಬಂದರೆ ಈ ಎಚ್ಚರವೆಲ್ಲ ಎಲ್ಲೋ ಹೋಗುತ್ತದೆ. ಮೆನುವಿನಲ್ಲಿ 'ಗ್ಲಾಸ್' ಎಂದಷ್ಟೇ ಇರುತ್ತದೆ. ಎಷ್ಟು ಎಂ.ಎಲ್.? ನಾವು ವಿಚಾರಿಸಿದ ಬಾರುಗಳಲ್ಲಿ ಸರಿಯಾದ ಉತ್ತರ ಕೊಟ್ಟವರು ಒಬ್ಬರು. ಉಳಿದವರು ಬೆರಳಿನಲ್ಲಿ ತೋರಿಸಿದರು.

ಲೆಕ್ಕ ಹಾಕೋಣ. ಬಾಟಲಿ 750 ಎಂ.ಎಲ್. ಗ್ಲಾಸಿಗೆ 150 ಹಾಕಿದರೆ ಐದು ಗ್ಲಾಸು. ಶೇ. 13ರ ವೈನ್ ಆದರೆ ಆ 150ರಲ್ಲಿ ಶುದ್ಧ ಮದ್ಯಸಾರ 19.5 ಎಂ.ಎಲ್. ಶೇ. 42.8ರ ವಿಸ್ಕಿಯ ಒಂದು ಸಿಕ್ಸ್ಟಿಯಲ್ಲಿ 25.7. ಅಂದರೆ ಒಂದು ಗ್ಲಾಸು ವೈನ್ ಮುಕ್ಕಾಲು ಸಿಕ್ಸ್ಟಿ. ಈಗ ಅದೇ 150 ಅನ್ನು ಆ ದೊಡ್ಡ ಗ್ಲಾಸಿಗೆ ಸುರಿಯಿರಿ. ತಳದಲ್ಲಿ ನಿಲ್ಲುತ್ತದೆ. ಗಿರಾಕಿ "ಇಷ್ಟ ಏನ್ರಿ?" ಅನ್ನುತ್ತಾನೆ. ಸಪ್ಲೈಯರ್ ನಾಚಿಕೊಂಡು ಅರ್ಧಕ್ಕೆ ಏರಿಸುತ್ತಾನೆ. ಅರ್ಧ ಅಂದರೆ 225 ಎಂ.ಎಲ್., ಮದ್ಯಸಾರ 29 ಎಂ.ಎಲ್.ಗೂ ಮೇಲೆ, ಸಿಕ್ಸ್ಟಿಗಿಂತ ಹೆಚ್ಚು. ಕುಡಿದವರಿಗೆ 'ವೈನ್ ಅಲ್ವಾ, ಹಗುರ' ಎಂಬ ಭ್ರಮೆ ಬೇರೆ, ಎದ್ದು ಬೈಕು ಹತ್ತುತ್ತಾರೆ. ಮಾಲಕರಿಗೆ ಐದು ಗ್ಲಾಸಿನ ಬಾಟಲಿ ಮೂರೂ ಚಿಲ್ಲರೆಗೆ ಮುಗಿಯುತ್ತದೆ. ಇನ್ನೊಂದು ಕಡೆ, ಸಪ್ಲೈಯರ್ ಜಾಣನಾದರೆ 120 ಹಾಕಿ 150ರ ದುಡ್ಡು ತೆಗೆದುಕೊಳ್ಳುತ್ತಾನೆ. ದೊಡ್ಡ ಗ್ಲಾಸಿನಲ್ಲಿ ಕಂಡುಹಿಡಿಯುವವರು ಯಾರು?

ಜರ್ಮನಿಯಲ್ಲಿ ಬಾರಿನ ಗ್ಲಾಸಿನ ಮೇಲೆ ಅಳತೆಯ ಗೆರೆ ಇರಲೇಬೇಕು, ವೈನ್ ಆ ಗೆರೆ ಮುಟ್ಟಬೇಕು. ಬ್ರಿಟನ್ನಿನಲ್ಲಿ ಗ್ಲಾಸಿನ ಲೆಕ್ಕದಲ್ಲಿ ಮಾರುವ ವೈನ್ 125 ಇಲ್ಲವೇ 175 ಎಂ.ಎಲ್., ಅಥವಾ ಅವುಗಳ ದುಪ್ಪಟ್ಟು ತಿಪ್ಪಟ್ಟು. ನಮ್ಮ ಸಗಟು ಅಂಗಡಿಯಲ್ಲಿ ಗೆರೆಯ ಗ್ಲಾಸು ಸಿಗಲಿಲ್ಲ. ಆದರೂ ದಾರಿ ಇದೆ. ಮಾದರಿ ಗ್ಲಾಸಿಗೆ 150 ಎಂ.ಎಲ್. ನೀರು ಅಳೆದು ಹಾಕಿ ನೋಡಿ. ನೀರು ಗ್ಲಾಸಿನ ಹೊಟ್ಟೆಯ ಅತಿ ಅಗಲದ ಜಾಗಕ್ಕೆ ಬಂದು ನಿಂತರೆ ಅದು ನಿಮ್ಮ ಗ್ಲಾಸು. ಹೊಟ್ಟೆಯ ಉಬ್ಬೇ ಗೆರೆ. ಸಪ್ಲೈಯರಿಗೂ ಗುರುತು, ಗಿರಾಕಿಗೂ ಗುರುತು. 300ರಿಂದ 350 ಎಂ.ಎಲ್. ಹಿಡಿಯುವ ಗ್ಲಾಸುಗಳಲ್ಲಿ ಇದು ಸಾಮಾನ್ಯವಾಗಿ ಹೊಂದುತ್ತದೆ. ಜತೆಗೆ ಮೆನುವಿನಲ್ಲಿ 'ಗ್ಲಾಸ್, 150 ಎಂ.ಎಲ್.' ಎಂದು ಅಚ್ಚು ಹಾಕಿಸಿ, ಪೆಗ್ಗಿಗೆ ಇರುವ ಹಾಗೆ ಮುದ್ರೆ ಬಿದ್ದ ಅಳತೆ ಪಾತ್ರೆಯೊಂದನ್ನು ಇಟ್ಟುಕೊಳ್ಳಿ.

ಮೂರನೆಯದು ಕೈ. ನಾವು ಇದನ್ನು ಬರೆಯಲು ಕುಳಿತದ್ದೇ ಇದಕ್ಕಾಗಿ.

ಮೂರು ವರ್ಷದ ಹಿಂದೆ ಬೇರೆ ಯಾವುದೋ ಸುದ್ದಿಗೆ ಒಂದು ಬಾರಿನ ಹಿಂಬಾಗಿಲಿಗೆ ಹೋಗಿದ್ದೆವು. ಅಲ್ಲಿ ಭಾಂಡೆ ತಿಕ್ಕುವ ಹೆಂಗಸೊಬ್ಬರು ಹೆಬ್ಬೆರಳಿಗೆ ಸೀರೆಯ ಚೂರು ಸುತ್ತಿಕೊಂಡು ಕೂತಿದ್ದರು. ಹಿಂದಿನ ರಾತ್ರಿ ತೆಳು ಗಾಜಿನ ವೈನ್ ಗ್ಲಾಸನ್ನು ಒರೆಸುವಾಗ ಕಾಂಡ ಮುರಿದು ಹೆಬ್ಬೆರಳಿನ ಬುಡಕ್ಕೆ ಇಳಿದಿತ್ತು, ನಾಲ್ಕು ಹೊಲಿಗೆ. ಹೊಲಿಗೆಯ ಖರ್ಚು ಅವರದೇ. ಮೇಲಾಗಿ ಒಡೆದ ಗ್ಲಾಸಿನ ದುಡ್ಡನ್ನು ಆ ವಾರದ ಪಗಾರದಲ್ಲಿ ಹಿಡಿದಿದ್ದರು. ಸುದ್ದಿ ಬರೆದು ಕಳಿಸಿದೆವು. ಡೆಸ್ಕಿನಿಂದ ಫೋನು ಬಂತು: "ಇದರಲ್ಲಿ ಸುದ್ದಿ ಎಲ್ಲಿದೆ?" ನಮ್ಮ ಹತ್ತಿರ ಆಗ ಉತ್ತರ ಇರಲಿಲ್ಲ, ಸುಮ್ಮನಾದೆವು.

ಈಗ ಉತ್ತರ ಇದೆ. ನಷ್ಟದ ದುಡ್ಡನ್ನು ಕೂಲಿಯಲ್ಲಿ ಹಿಡಿಯುವ ಬಗ್ಗೆ 1936ರ ವೇತನ ಪಾವತಿ ಕಾಯ್ದೆಯೇ ಕಟ್ಟು ಹಾಕಿತ್ತು. ನಷ್ಟ ಕೆಲಸದವರ ಅಲಕ್ಷ್ಯದಿಂದಲೇ ಆಗಿರಬೇಕು, ಹಿಡಿಯುವ ಮೊದಲು ಅವರ ಮಾತು ಕೇಳಬೇಕು. ಒರೆಸುವಾಗ ಮುರಿಯುವ ಹಾಗಿರುವ ಗ್ಲಾಸನ್ನು ತಂದಿಟ್ಟವರು ಮಾಲಕರು. ರಾತ್ರಿ ಹನ್ನೆರಡಕ್ಕೆ, ಮಂದ ಬಲ್ಬಿನ ಕೆಳಗೆ, ಎಣ್ಣೆ ತಟ್ಟೆಗಳ ಜತೆ ಒಂದೇ ಟಬ್ಬಿನಲ್ಲಿ ತೊಳೆಯಲು ಹೇಳಿದವರೂ ಅವರೇ. ಇದರಲ್ಲಿ ಅಲಕ್ಷ್ಯ ಯಾರದು?

ವೈನ್ ಗ್ಲಾಸು ಹೆಚ್ಚಾಗಿ ಒಡೆಯುವುದು ಗಿರಾಕಿಯ ಮೇಜಿನ ಮೇಲಲ್ಲ ಎಂದು ಬಾರಿನವರೇ ಹೇಳುತ್ತಾರೆ. ಒಂದು ಕೈಯಲ್ಲಿ ಪಾದ ಹಿಡಿದು ಇನ್ನೊಂದು ಕೈಯಿಂದ ಬಟ್ಟಲು ತಿರುವಿದರೆ ಕಾಂಡ ಟಕ್ಕನೆ ಮುರಿಯುತ್ತದೆ. ಬಟ್ಟಲನ್ನು ಒರೆಸುವಾಗ ಬಟ್ಟಲನ್ನೇ ಹಿಡಿಯಬೇಕು. ಬಿಸಿ ಗ್ಲಾಸಿಗೆ ತಣ್ಣೀರು ಬಿದ್ದರೂ ಸೀಳುತ್ತದೆ. ಇದನ್ನು ಯಾರೂ ಕಲಿಸುವುದಿಲ್ಲ, ಗಾಯ ಆದ ಮೇಲೆ ಬೈಯುತ್ತಾರೆ. ಕಾಯಿಸಿ ತಟ್ಟನೆ ತಣಿಸಿ ಗಟ್ಟಿ ಮಾಡಿದ ಟೆಂಪರ್ಡ್ ಗಾಜು ಬೇಗ ಒಡೆಯದು. ಒಡೆದರೂ ಚೂರಿಯಂಥ ಸೀಳಾಗದೆ ಸಣ್ಣ ತುಣುಕಾಗುತ್ತದೆ. ತೆಳು ಕ್ರಿಸ್ಟಲ್‌ಗಿಂತ ಅಂದ ಕಡಿಮೆ, ನಮ್ಮ ಅಡುಗೆಮನೆಗೆ ಅದೇ ಸರಿ.

ಹಾಗಾದರೆ ಕಾಂಡವೇ ಇಲ್ಲದ ಗ್ಲಾಸು ತಂದರೆ? ತೊಳೆಯಲು ಅದೇ ಸುಲಭ, ಒಪ್ಪುತ್ತೇವೆ. ಆದರೆ ನಮ್ಮ ಕಡೆ ಬೇಸಿಗೆಯಲ್ಲಿ ನಲವತ್ತು ಡಿಗ್ರಿ. ಅಂಗೈಯ ಕಾವಿಗೆ ತಂಪು ಬಿಳಿ ವೈನ್ ಹತ್ತು ನಿಮಿಷಕ್ಕೆ ಕಷಾಯವಾಗುತ್ತದೆ. ಊಟವೂ ಕೈಯಲ್ಲೇ. ಮಟನ್ ರಸದ ಬೆರಳಿನಲ್ಲಿ ಬಟ್ಟಲು ಹಿಡಿದರೆ ಜಿಡ್ಡು ಮೆತ್ತಿ, ಅದನ್ನು ತಿಕ್ಕುವವರಿಗೆ ದುಪ್ಪಟ್ಟು ಕೆಲಸ. ಆದ್ದರಿಂದ ಗಿಡ್ಡ ಕಾಂಡ, ಕೊಂಚ ದಪ್ಪನೆಯದು, ಅಗಲ ಪಾದ ಎಂದು ನಾವು ಬರೆದುಕೊಂಡೆವು.

ಹುಬ್ಬಳ್ಳಿಯಿಂದ ಮಾದರಿ ಗ್ಲಾಸು ಬಂದವು. ನಾವು ಪಟ್ಟು ಹಿಡಿದು ಅಂತರರಾಷ್ಟ್ರೀಯ ಮಾನದಂಡದ ಪುಟ್ಟ ಗ್ಲಾಸನ್ನೂ ತರಿಸಿದ್ದೆವು. ಓದಿಕೊಂಡು ಬಂದಿದ್ದೇವೆಂಬ ಹಮ್ಮಿನಲ್ಲಿ ಅದನ್ನೇ ಮುಂದೆ ಇಟ್ಟೆವು. ಮಾಲಕರು ದೊಡ್ಡದನ್ನು ಬಿಡಲೊಲ್ಲರು. ಕಡೆಗೆ ಒಳಗೆ ಭಾಂಡೆ ತಿಕ್ಕುವ ಅಕ್ಕನನ್ನು ಕರೆದು ಕೇಳೋಣ ಎಂದೆವು. ಮಾಲಕರು ನಕ್ಕರು, ಆದರೂ ಕರೆದರು.

ಅಕ್ಕ ಸೆರಗಿಗೆ ಕೈ ಒರೆಸಿಕೊಂಡು ಬಂದರು. ನಮ್ಮ ಪುಟ್ಟ ಗ್ಲಾಸಿನೊಳಗೆ ಕೈ ಹಾಕಲು ನೋಡಿ ಹೊರತೆಗೆದರು. "ಇದರಾಗ ಕೈ ಹೋಗಂಗಿಲ್ರಿ. ತುಟಿ ಬಣ್ಣ ಹತ್ತಿತಂದ್ರ ಹೆಂಗ ತಗೀಲಿ?" 46 ಮಿಲಿಮೀಟರಿನ ಬಾಯಿಯ ಬಗ್ಗೆ ನಾವು ಓದಿದ್ದೆವು, ಅದರೊಳಗೆ ಕೈ ಹೋಗಬೇಕೆಂಬುದು ನಮಗೆ ಹೊಳೆದಿರಲಿಲ್ಲ. ದೊಡ್ಡ ಗ್ಲಾಸನ್ನು ಎತ್ತಿ ನೋಡಿದರು. "ಸಾವ್ಕಾರ್ರ, ಇದು ನಳದ ಕೆಳಗ ನಿಲ್ಲಂಗಿಲ್ಲ, ಬಾಯಿ ನಳಕ್ಕ ಬಡೀತದ." ಕೊನೆಗೆ ಗಿಡ್ಡ ಕಾಂಡದ, 320 ಎಂ.ಎಲ್.ನ ಗ್ಲಾಸನ್ನು ತಿರುಗಿಸಿ ನೋಡಿ, "ಇದು ಅಡ್ಡಿಯಿಲ್ಲ. ಆದ್ರ ಉದ್ದನ ಬ್ರಷ್ ಒಂದು ಬೇಕು, ಟಬ್ಬಿನ ತಳಕ್ಕ ರಬ್ಬರ ಚಾಪಿ ಬೇಕು, ಗಲಾಸಿಗೆ ಬ್ಯಾರೆ ಟಬ್ಬು ಬೇಕು" ಎಂದರು. ಲಕ್ಷಗಟ್ಟಲೆ ಖರ್ಚು ಮಾಡಿ ಎ.ಸಿ. ಹಾಕಿಸಿದ ಮಾಲಕರು ಬ್ರಷ್ಷಿನ ಮಾತಿಗೆ ಮುಖ ಗಂಟು ಹಾಕಿದರು. ಅದನ್ನೂ ಕಂಡೆವು.

ನಮ್ಮ ಗಡಸು ನೀರಿನಲ್ಲಿ ಗ್ಲಾಸಿನ ಮೇಲೆ ಬಿಳಿ ಚುಕ್ಕಿ ಉಳಿಯುತ್ತದೆ ಎಂಬುದಕ್ಕೂ ಅಕ್ಕನಲ್ಲೇ ಮದ್ದಿತ್ತು: ಕೊನೆಯ ನೀರಿಗೆ ನಿಂಬೆಹುಳಿ ಹಿಂಡಬೇಕು, ಎಳೆ ಬಿಡದ ಹಳೆ ಧೋತರದಲ್ಲಿ ಒರೆಸಬೇಕು. ಒರೆಸಿದ್ದನ್ನು ಹಲಗೆಯ ಮೇಲೆ ಬೋರಲು ಹಾಕಬಾರದು, ಅಂಚು ಸವೆಯುತ್ತದೆ, ಒಳಗೆ ಮುಗ್ಗಲು ವಾಸನೆ ಕೂರುತ್ತದೆ. ಕಾಂಡದಿಂದ ತೂಗುಹಾಕುವ ಪಟ್ಟಿ ಇದ್ದರೆ ಒಳ್ಳೆಯದು. ಇದಿಷ್ಟು ನಾವು ಸೇರಿಸಿದ್ದು.

ಈ ಗ್ಲಾಸಿನ ಹಿಂದೆ ನಾಲ್ಕನೆಯವರೂ ಒಬ್ಬರಿದ್ದಾರೆ, ಬೆಳೆಗಾರರು. ವಿಜಯಪುರ ಜಿಲ್ಲೆಯ ದ್ರಾಕ್ಷಿಯ ಬಹುಪಾಲು ಹಣ್ಣಾಗಿ ಇಲ್ಲವೇ ಒಣಗಿ ಮಣೂಕವಾಗಿ ಹೋಗುತ್ತದೆ. ವೈನಿನ ತಳಿಗಳೇ ಬೇರೆ. ದೊಡ್ಡಬಳ್ಳಾಪುರದ ಕಡೆ ಗ್ರೋವರ್ ವೈನ್‌ಯಾರ್ಡ್ಸ್ 1988ರಲ್ಲೇ ಶುರುವಾಗಿತ್ತು, ಕೊಪ್ಪಳ ಜಿಲ್ಲೆಯಲ್ಲೂ ವೈನ್ ತೋಟ ಬಂದಿದೆ. ರಾಜ್ಯ ಸರಕಾರ 2007ರಲ್ಲಿ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿ ತಂದು, ಒಂದು ಮಂಡಳಿಯನ್ನೂ ಮಾಡಿತು. ಬೆಳೆಗಾರರಿಗೆ ಇನ್ನೊಂದು ಮಾರುಕಟ್ಟೆ ಆಗಲಿ ಎಂಬುದು ಮಾತು. ಆದರೆ ಕಿಟಕಿ ಬಿಸಿಲಿಗೆ ತಿಂಗಳುಗಟ್ಟಲೆ ಕಾದ ಬಾಟಲಿಯನ್ನು ಪ್ಲಾಸ್ಟಿಕ್ ಲೋಟಕ್ಕೆ ಸುರಿದು ಕೊಟ್ಟರೆ ಮೊದಲ ಸಲ ಕುಡಿದವರು ಕೆಮ್ಮಿನ ಔಷಧ ಎಂದು ಮುಖ ಕಿವುಚುತ್ತಾರೆ, ಮತ್ತೆ ಕೇಳುವುದಿಲ್ಲ. ಗ್ಲಾಸಿಗೆ ದುಡ್ಡು ಹಾಕುವ ಮೊದಲು ಬಾಟಲಿಯನ್ನು ತಂಪಿನಲ್ಲಿ ಇಡಿ, ತೆರೆದದ್ದನ್ನು ಬಿರಡೆ ಹಾಕಿ ಫ್ರಿಜ್ಜಿನಲ್ಲಿಟ್ಟು ಎರಡು ಮೂರು ದಿನದಲ್ಲಿ ಮುಗಿಸಿ. ಕೆಟ್ಟ ವೈನನ್ನು ಯಾವ ಗ್ಲಾಸೂ ರಿಪೇರಿ ಮಾಡುವುದಿಲ್ಲ.

ಮಾಲಕರು ಕಡೆಗೆ ಅಕ್ಕ ಒಪ್ಪಿದ ಗ್ಲಾಸನ್ನೇ ಮೂರು ಡಜನ್ ತರಿಸಿದರು: ಎರಡು ಬಳಕೆಗೆ, ಒಂದು ಅಟ್ಟಕ್ಕೆ. ದೊಡ್ಡದನ್ನೂ ನಾಲ್ಕು ತರಿಸಿ ಕೌಂಟರಿನ ಹಿಂದೆ ಜೋಡಿಸಿದ್ದಾರೆ, "ಫೋಟೋಕ್ಕ ಬೇಕಲ್ರಿ" ಅನ್ನುತ್ತಾರೆ. ಬ್ರಷ್ಷು ಬಂತು. ಚಾಪೆಗೆ ನಾವು ಎರಡು ಸಲ ನೆನಪು ಮಾಡಬೇಕಾಯಿತು. ಒಡೆದ ಗ್ಲಾಸಿನ ಲೆಕ್ಕ ಪಗಾರಕ್ಕೆ ಹಚ್ಚದೆ ಗೋಡೆಗೆ ತೂಗುಹಾಕಿದ ನೋಟ್‌ಬುಕ್ಕಿಗೆ ಬರೆಯಬೇಕು, ಯಾರ ಕೈಯಲ್ಲಿ ಹೇಗೆ ಒಡೆಯಿತೆಂದು ಬರೆಯಬೇಕು ಎಂಬ ಮಾತಿಗೂ ಒಪ್ಪಿದರು.

ಎರಡು ತಿಂಗಳ ನಂತರ ಹೋಗಿ ಆ ನೋಟ್‌ಬುಕ್ಕು ನೋಡಿದೆವು. ಐದು ಒಡೆದಿದ್ದವು. ಮೂರು ಗಿರಾಕಿಗಳ ಕೈಯಲ್ಲಿ, ಒಂದು ಸಪ್ಲೈಯರ್ ಹುಡುಗನ ಕೈಯಲ್ಲಿ, ಒಂದು ಮಾಲಕರು ನೆಂಟರಿಗೆ ವೈನ್ ಕುಡಿಯುವ ರೀತಿ ತೋರಿಸಲು ಹೋದಾಗ. ತೊಳೆಯುವ ಜಾಗದಲ್ಲಿ ಒಡೆದದ್ದು ಒಂದೂ ಇರಲಿಲ್ಲ.

ನಿಮ್ಮೂರಿನಲ್ಲೂ ಯಾರಾದರೂ ಬಾರು ತೆರೆಯುತ್ತಿದ್ದರೆ, ಗ್ಲಾಸು ಯಾವುದು ತರಲಿ ಎಂದು ಕೇಳಿದರೆ, ಮೊದಲು ಹಿಂಬಾಗಿಲಿನ ನಳದ ಹತ್ತಿರ ಕರೆದುಕೊಂಡು ಹೋಗಿ. ಪಟ್ಟಿಯನ್ನು ಆಮೇಲೆ ನೋಡಿದರಾಯಿತು.